ಐದು ವರ್ಷದವಳ ಹಲ್ಲು

ಮಾರ್ಚ್ 3, ಸೋಮವಾರ

ಬೆಳಿಗ್ಗೆ ಎರಡು ಸೆಟ್ ಕಟ್ಟುಹಲ್ಲು ಮಾಡಿ ಮುಗಿಸಿದೆ. ರಿಟೈರ್ಡ್ ಜಡ್ಜ್ ಸಾಹೇಬರ ಮೇಲಿನ ಸೆಟ್ಟು ಇನ್ನೂ ಅಲ್ಲಾಡುತ್ತದಂತೆ. ಮೂರನೇ ಸಲ. ಹಲ್ಲಿನ ಡಾಕ್ಟರು ಫೋನ್ ಮಾಡಿ ಬೈದರು. ಅಳತೆ ತಪ್ಪು ತೆಗೆದವರು ಅವರು, ಬೈಸಿಕೊಂಡವಳು ಕಟ್ಟಿದವಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ನೆಲ ಅಂದರೆ ನಾನು.

ಚೋಟು ಬಂದು ಎಂಟು ದಿನ. ಎರಡು ವಿಮಾನ ಬದಲಿಸಿ, ಸಮುದ್ರ ದಾಟಿ, ಕತ್ತಿಗೆ ಚೀಟಿ ನೇತುಹಾಕಿಕೊಂಡು ಬಂದಳು, ಪಾರ್ಸೆಲ್ಲಿನ ಹಾಗೆ. ಚೀಟಿಯಲ್ಲಿ ಹೆಸರು, ನಮ್ಮ ವಿಳಾಸ, ವಯಸ್ಸು ಐದು. ಆ ಹೆಸರು ನಮ್ಮವರು, ಅತ್ತೆ, ನಾನು, ಮೂವರ ನಾಲಿಗೆಯಲ್ಲೂ ಹೊರಳಲಿಲ್ಲ. ನಮ್ಮವರು ಅಲ್ಲೇ ಎತ್ತಿಕೊಂಡು, "ಚೋಟುದ್ದ ಇದಾಳಲ್ಲೇ!" ಅಂದರು. ಹೆಸರಿಡುವ ಕೆಲಸ ಅಲ್ಲಿಗೆ ಮುಗಿಯಿತು.

ಆರು ತಿಂಗಳು ದತ್ತು ಕಚೇರಿಯವರ ಕಣ್ಗಾವಲು. ಆಮೇಲೆ ಅಂತಿಮ ಆದೇಶ. ಅಲ್ಲಿಯವರೆಗೆ ಕಾಗದದ ಪ್ರಕಾರ ನಮ್ಮವಳು ಹೌದು, ಆದರೆ ಪೂರ್ತಿ ಅಲ್ಲ. ನಾನೂ ಈ ಮನೆಯಲ್ಲಿ ಹದಿನಾಲ್ಕು ವರ್ಷದಿಂದ ಹಾಗೇ ಇದ್ದೇನೆ. ಏನೂ ತೊಂದರೆಯಾಗಿಲ್ಲ.

ಮಾರ್ಚ್ 9, ಭಾನುವಾರ

ನಮ್ಮವರು ಡ್ರೈವಿಂಗ್ ಸ್ಕೂಲ್ ಮೇಷ್ಟ್ರು. ಕಾರಿನಲ್ಲಿ ಎರಡನೇ ಬ್ರೇಕು ಅವರ ಕಾಲ ಕೆಳಗೆ. ಮನೆಯಲ್ಲೂ. ಆರು ದಾಟಿದ ಮಗು ಬೇಡ ಅಂತ ಒತ್ತಿದ ಬ್ರೇಕಿನಿಂದ ಎರಡು ವರ್ಷ ಕಾಲೆತ್ತಲಿಲ್ಲ. "ನೆನಪು ಕೂರೋದರೊಳಗೆ ತಂದುಬಿಡಬೇಕು ಕಣೇ. ಆಮೇಲೆ ಅದು ಯಾರದೋ ಮಗು, ನಾವು ಲಾಡ್ಜ್ ನಡೆಸೋರು."

ಚೋಟು ಐದರ ಪರೀಕ್ಷೆಯಲ್ಲಿ ನೂರಕ್ಕೆ ನೂರು. ತುತ್ತು ಅತ್ತೆಯೇ ಬಾಯಿಗಿಡಬೇಕು, ತುಟಿ ಚೂರೇ ಬಿಡುತ್ತಾಳೆ. ಮೆಟ್ಟಿಲನ್ನು ಕೂತುಕೊಂಡೇ ಇಳಿಯುತ್ತಾಳೆ. ಬೆರಳು ಚೀಪುತ್ತಾಳೆ. ನಗು ಬಂದರೆ ಎರಡೂ ಅಂಗೈ ಬಾಯಿಗೆ. ಅತ್ತೆ ಕರಗಿ ನೀರು. "ಎಷ್ಟು ನಾಚಿಕೆ ನೋಡೇ! ನಿನಗೂ ಸ್ವಲ್ಪ ಕಲಿಸಲಿ."

ನಮ್ಮ ಮಾತಿನಲ್ಲಿ ಕಲಿತ ಮೊದಲ ಪದ: ಐದು. ಕೇಳಿದರೂ ಹೇಳುತ್ತಾಳೆ, ಕೇಳದಿದ್ದರೂ. ಬಾಗಿಲು ತೆರೆದರೆ ಐದು ಬೆರಳು. ಹಾಲಿನವನಿಗೆ ಐದು. ಪಾಪ, ಅವನು ಐದು ಪ್ಯಾಕೆಟ್ ಇಟ್ಟು ಹೋದ.

ಮಾರ್ಚ್ 22, ಶನಿವಾರ

ಹಿಂದಿನ ಕೋಣೆ ನನ್ನ ವರ್ಕ್‌ಶಾಪು. ಅಲ್ಲಿನ ಸ್ಟೂಲು ಈಗ ಚೋಟುವಿನ ಸಿಂಹಾಸನ. ಒಂದು ಹಲ್ಲು ಉದ್ದ ಬಂದಿತ್ತು. ಸಣ್ಣ ಅರದಿಂದ ತೀಡಿ ತೀಡಿ ಸರಿ ಮಾಡಿದೆ. ಕಣ್ಣು ಮಿಟುಕಿಸದೆ ನೋಡಿದಳು. "ಉದ್ದ. ಉಜ್ಜಿದ್ರೆ ಸಣ್ಣ," ಅಂದೆ, ಕೈಸನ್ನೆ ಸಮೇತ.

"ಸಣ್ಣ," ಅಂದಳು.

ಎರಡನೇ ಪದ! ನಮ್ಮವರಿಗೆ ಹೇಳಿದರೆ, "ಹಲ್ಲುಜ್ಜೋದು ಬಿಟ್ಟು ಹಲ್ಲು ಉಜ್ಜಿ ಸವೆಸೋದು ಕಲಿಸ್ತಿದೀಯಾ?" ಅಂದರು. ಒಳ್ಳೇ ಮೂಡಿನಲ್ಲಿದ್ದರು.

ಏಪ್ರಿಲ್ 6, ಭಾನುವಾರ, ಮಧ್ಯಾಹ್ನ

ಇವತ್ತು ಶಪಥ. ಅಂಗೈ ಅಡ್ಡ ಬಾರದ ಹಾಗೆ ಇವಳನ್ನು ನಗಿಸಲೇಬೇಕು. ತುಂಬಿದ ನೀರಿನ ಬಟ್ಟಲು ಎರಡೂ ಕೈಗೆ ಕೊಟ್ಟೆ. ಜಡ್ಜ್ ಸಾಹೇಬರ ಸೆಟ್ಟು ಹಿಡಿದು ಕಟಕಟ ಅನ್ನಿಸುತ್ತ ಅತ್ತೆ ನನ್ನನ್ನು ಬೈಯುವುದನ್ನು ಮಾಡಿ ತೋರಿಸಿದೆ. ಮೊದಲು ತುಟಿ ನಡುಗಿತು. ಆಮೇಲೆ ಅಣೆಕಟ್ಟೆ ಒಡೆಯಿತು. ಬಾಯ್ತುಂಬ ನಕ್ಕಳು. ಗೆದ್ದೆ ಅಂದುಕೊಂಡೆ.

ಮುಂದಿನ ಹಲ್ಲು ಮೇಲೆ ನಾಲ್ಕು, ಕೆಳಗೆ ನಾಲ್ಕು. ಒಂದೂ ಹಾಲುಹಲ್ಲಲ್ಲ. ಅಗಲ ಹಲ್ಲು, ಅಂಚು ಇನ್ನೂ ಗರಗಸ. ಹಿಂದೆ ದೊಡ್ಡ ದವಡೆಹಲ್ಲು ಪೂರ್ತಿ ಎದ್ದು ಕೂತಿದೆ.

ಇಪ್ಪತ್ತು ವರ್ಷ ಹಲ್ಲೇ ಅನ್ನ ಹಾಕಿದೆ ನನಗೆ. ಈ ಬಾಯಿಗೆ ಒಂಬತ್ತು ವರ್ಷ. ಚೌಕಾಸಿ ಮಾಡಿದರೆ ಎಂಟೂವರೆ. ಹೊಟ್ಟೆಗಿಲ್ಲದೆ ಮೈ ಬೆಳೆಯದೆ ನಿಂತಿದೆ. ಹಲ್ಲು ಮಾತ್ರ ಯಾರ ಮಾತೂ ಕೇಳಿಲ್ಲ.

ನನ್ನ ಮುಖ ನೋಡಿದಳು. ನಗು ಅರ್ಧಕ್ಕೇ ನಿಂತಿತು. ಬಟ್ಟಲು ಕೆಳಗೆ. ಅಂಗೈ ಬಾಯಿಗೆ.

ಅದೇ ದಿನ, ಸಂಜೆ 7:30

ಹೇಳಬಾರದಿತ್ತು. ಹೇಳಿದೆ. ನನ್ನ ಹೊಟ್ಟೆಯಲ್ಲಿ ಎಲ್ಲ ಅರಗುತ್ತದೆ, ತಮಾಷೆ ಒಂದು ಬಿಟ್ಟು.

"ರೀ, ನಮಗೆ ಆಫರ್ ಹೊಡೆದಿದೆ. ಐದರದ್ದು ಕೇಳಿದ್ವಿ, ಒಂಬತ್ತರದ್ದು ಕಳಿಸಿದಾರೆ. ನಾಲ್ಕು ವರ್ಷ ಫ್ರೀ!"

ಯಾರೂ ನಗಲಿಲ್ಲ. ಮೇಜಿನ ಕೆಳಗೆ ಅವರ ಬಲಗಾಲು ಇಲ್ಲದ ಬ್ರೇಕನ್ನು ಒತ್ತಿದ್ದು ಕಂಡೆ.

"ತಮಾಷೆಗೆ ಹೇಳ್ತಿದೀಯೋ, ಗೊತ್ತಿದ್ದು ಹೇಳ್ತಿದೀಯೋ?"

"ತಮಾಷೆಗೇ... ಗೊತ್ತಿದ್ದು."

ಎಲ್ಲರೂ ತನ್ನತ್ತ ತಿರುಗಿದ್ದು ನೋಡಿ ಚೋಟು ಐದು ಬೆರಳು ಎತ್ತಿದಳು.

ಏಪ್ರಿಲ್ 7, ಸೋಮವಾರ

ತುತ್ತಿಗೆ ಬಾಯಿ ತೆರೆದು ಕೂತಳು. "ಕೈ ಇದೆಯಲ್ಲ ಅವಳಿಗೆ," ಅಂದರು ನಮ್ಮವರು. 'ಚೋಟುಗೆ' ಅನ್ನಲಿಲ್ಲ. ಒಂದೇ ಬೆಳಗಿನಲ್ಲಿ 'ಅವಳು' ಆದಳು.

ಅತ್ತೆ ಅಂದರು, "ಸೈಜು ಬರಲಿಲ್ಲ ಅಂದ್ರೆ ಚಪ್ಪಲಿ ಅಂಗಡಿಯವನೂ ಬದಲಾಯಿಸಿ ಕೊಡ್ತಾನೆ. ಇವರೇನು ಅವನಿಗಿಂತ ದೊಡ್ಡವರಾ? ಒಂದೂವರೆ ತಿಂಗಳು ನನ್ನ ಕೈಯಲ್ಲಿ ತುತ್ತು ತಿಂದು ನಾಟಕ ಆಡಿದಾಳೆ."

"ಅತ್ತೆ, ಮಗು ಅದು."

"ಮಗುವಲ್ಲ ಅಂತ ನೀನೇ ಅಲ್ವೇನೇ ಹೇಳಿದ್ದು?"

ನಾಲಿಗೆ ಕಚ್ಚಿಕೊಂಡೆ. ಒಂದು ದಿನ ತಡವಾಗಿ.

ಏಪ್ರಿಲ್ 19, ಶನಿವಾರ

ಹನ್ನೆರಡು ದಿನ ಬರೆದಿಲ್ಲ. ಬರೆಯುವಂಥದ್ದೂ ಇರಲಿಲ್ಲ. ಮನೆಯಲ್ಲಿ ಎಲ್ಲರೂ ಸಭ್ಯರಾಗಿದ್ದೆವು.

ಇವತ್ತು ಅಂಗಡಿಯಿಂದ ಬಂದೆ. ವರ್ಕ್‌ಶಾಪಿನಿಂದ ಕರ್ ಕರ್ ಸದ್ದು. ಸ್ಟೂಲಿನ ಮೇಲೆ ಕೂತಿದ್ದಾಳೆ, ಕೈಯಲ್ಲಿ ನನ್ನ ಅರ, ಎದುರಿಗೆ ನನ್ನ ಕನ್ನಡಿ. ಮೇಲಿನ ಮುಂಭಾಗದ ಎರಡು ಹಲ್ಲಿನಲ್ಲಿ ಮೂರರಲ್ಲೊಂದು ಪಾಲು ಇಲ್ಲ. ತುಟಿ ಸೀಳಿ ಗಲ್ಲದವರೆಗೆ ರಕ್ತ. ಲಂಗದ ಮೇಲೆ ಬಿಳಿ ಪುಡಿ. ಎಷ್ಟು ಹೊತ್ತಿನಿಂದ ತೀಡುತ್ತಿದ್ದಳೋ. ಅತ್ತೆ ಹಾಲ್‌ನಲ್ಲೇ ಇದ್ದರು.

ಅಳಲಿಲ್ಲ. ನನಗೆ ತೋರಿಸಲು ತಾನಾಗಿ ಬಾಯಿ ತೆರೆದಳು.

"ಸಣ್ಣ," ಅಂದಳು. ಆಮೇಲೆ, "ಐದು?"

ಅಷ್ಟು ದಿನದಲ್ಲಿ ಅದನ್ನು ಪ್ರಶ್ನೆಯಾಗಿ ಕೇಳಿದ್ದು ಅದೇ ಮೊದಲು.

ಹಲ್ಲಿನ ಡಾಕ್ಟರು ಸವೆದ ಎರಡಕ್ಕೂ ಕ್ಯಾಪು ಹಾಕಿದರು. ಈ ಸಲ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಮ್ಮವರು ಅಂದದ್ದು ಇಷ್ಟೇ: "ಇಂಥ ಸಾಮಾನೆಲ್ಲ ಬೀಗ ಹಾಕಿ ಇಡೋಕಾಗಲ್ವಾ?"

ಏಪ್ರಿಲ್ 28, ಸೋಮವಾರ

ದತ್ತು ಕಚೇರಿಯ ಮೇಡಂ ಬಂದಿದ್ದರು. ನಮ್ಮವರು ನನಗೆ ಹೇಳದೆಯೇ ಅರ್ಜಿ ಹಾಕಿದ್ದಾರೆ. ದಾಖಲೆ ಸುಳ್ಳು, ದತ್ತು ರದ್ದು ಮಾಡಿ ಅಂತ. ಮೇಡಂ ಫೋನಿನಲ್ಲಿ ಅವಳ ಭಾಷೆ ಬಲ್ಲವರೊಬ್ಬರನ್ನು ಹಿಡಿದು, ಸ್ಪೀಕರ್ ಹಾಕಿ, ಮೇಜಿನ ಮೇಲಿಟ್ಟರು. "ವಯಸ್ಸು ಎಷ್ಟು ಅಂತ ನಿಜ ಹೇಳೋಕೆ ಹೇಳಿ."

ಅವಳು ಫೋನಿಗೆ ಬಾಗಿ ತುಂಬ ಮೆಲ್ಲಗೆ ಮಾತಾಡಿದಳು. ಅತ್ತಲಿನವರು ಅದನ್ನು ಇನ್ನೊಮ್ಮೆ ಹೇಳಿಸಿಕೊಂಡರು.

"ಮೇಡಂ... ಅವಳು ತಿರುಗಿ ಕೇಳ್ತಿದಾಳೆ. ಇವರಿಗೆ ಎಷ್ಟು ವರ್ಷದವಳು ಬೇಕು ಅಂತ."

ಗಜದುದ್ದ ನಾಲಿಗೆಯ ಮೂವರಿದ್ದೆವು ಅಲ್ಲಿ. ಮೂವರೂ ಮೇಜಿನ ಮೇಲಿನ ಫೋನನ್ನೇ ನೋಡಿದೆವು.

ಮೇಡಂ ಕಾಗದವನ್ನು ನನ್ನ ಕಡೆ ಸರಿಸಿದರು. "ರದ್ದಿಗೆ ಇಬ್ಬರ ಸಹಿಯೂ ಬೇಕು. ನೀವು ಹಾಕಲ್ಲ ಅಂದ್ರೆ ವಯಸ್ಸು ತಿದ್ದಿ ಇಲ್ಲೇ ಇರಿಸ್ತೀವಿ. ಯೋಚಿಸಿ."

ನಮ್ಮವರು ನನಗಷ್ಟೇ ಕೇಳುವ ಹಾಗೆ, "ಅವಳಿದ್ದರೆ ನಾನಿರಲ್ಲ," ಅಂದರು.

ಪೆನ್ನು ಬರೀತಿಲ್ಲ ಅಂದೆ. ಅತ್ತೆ ಎದ್ದು ಹೋಗಿ ಬೇರೆ ಪೆನ್ನು ತಂದುಕೊಟ್ಟರು. ಅದು ಚೆನ್ನಾಗಿ ಬರೆಯಿತು.

ಮೇ 9, ಶುಕ್ರವಾರ, ಬೆಳಿಗ್ಗೆ 8:40

ಅವಳನ್ನು ಕರೆದೊಯ್ಯಲು ಒಂಬತ್ತಕ್ಕೆ ದತ್ತು ಕಚೇರಿಯ ಕಾರು. ಮಹಡಿ ಕೋಣೆಯಲ್ಲಿ ಕೂತು ಬರೆಯುತ್ತಿದ್ದೇನೆ. ಅವರೆಲ್ಲ ಕೆಳಗೆ.

ಇನ್ನು ಐದರವಳಾಗುವ ಕೆಲಸವಿಲ್ಲ ಅಂತ ಅವಳಿಗೆ ಗೊತ್ತಾಗಿದೆ. ಬೆಳಿಗ್ಗೆ ಎದ್ದು ಹಾಸಿಗೆ ಮಡಿಸಿದಳು, ಮೂಲೆಗೆ ಮೂಲೆ ಕೂಡಿಸಿ. ಸ್ನಾನ ಮಾಡಿ ತಾನೇ ಜಡೆ ಹಾಕಿಕೊಂಡಳು, ಹಿಂದೆ ಕೈ ಹಾಕಿ, ಕನ್ನಡಿಯಿಲ್ಲದೆ. ತಿಂಡಿಯ ತಟ್ಟೆ ತೊಳೆದಳು, ನಮ್ಮದನ್ನೂ. ಅತ್ತೆ ಮಾತ್ರೆ ಹುಡುಕುತ್ತಿದ್ದರು. ಸ್ಟೂಲು ಹತ್ತಿ ಫ್ರಿಜ್ ಮೇಲಿಂದ ತೆಗೆದು ಕೊಟ್ಟು, "ಅಜ್ಜಿ, ಮಾತ್ರೆ. ತಿಂಡಿ ಆದ ಮೇಲೆ ಒಂದು," ಅಂದಳು. ಒಂದಕ್ಷರ ತಪ್ಪಿಲ್ಲದೆ.

ಅತ್ತೆ ಮಾತ್ರೆ ಹಿಡಿದುಕೊಂಡೇ ಕೂತರು. "ಇಷ್ಟೆಲ್ಲ ಬರ್ತಿತ್ತಾ ಇವಳಿಗೆ?"

ನಮ್ಮವರು ಪೇಪರ್ ಓದುತ್ತಿದ್ದರು. ಇಪ್ಪತ್ತು ನಿಮಿಷದಿಂದ ಅದೇ ಪುಟ.

ಕಾರು ಹೊರಡುವವರೆಗೂ ಸಹಿ ವಾಪಸ್ ತೆಗೆದುಕೊಳ್ಳಬಹುದು ಅಂತ ಮೇಡಂ ನಿನ್ನೆ ಫೋನಿನಲ್ಲಿ ಹೇಳಿದರು. ಒಂದು ಮಾತು ಸಾಕಂತೆ. ಮಾತು ನನಗೆ ಹೊಸದೇ? ಇಳಿದು ಹೋಗಿ, ಬಾಗಿಲಲ್ಲಿ ನಿಂತು, ಬೇಡ ಅಂದರೆ ಮುಗಿಯಿತು. ಹದಿನೆಂಟು ಮೆಟ್ಟಿಲು.

ಹಾರ್ನ್.

ಅವಳ ಹೆಜ್ಜೆ ಸದ್ದು. ಚೀಲ ತಾನೇ ಹೊತ್ತಿದ್ದಾಳೆ, ಎಳೆಯುವ ಸದ್ದಿಲ್ಲ. ಈಗಲೇ ಏಳಬೇಕು. ಇದೊಂದು ಸಾಲು ಮುಗಿಸಿ ಇಳಿಯುತ್ತೇನೆ. ಇದೊಂದು ಸಾಲು—