ಅವಧಿ ಮುಗಿದದ್ದು ಲೈಸೆನ್ಸಿನದು

ಮಾರ್ಚ್ ೪, ಮಂಗಳವಾರ

ಬೆಳಿಗ್ಗೆ ಇವರಿಗೆ ಸ್ನಾನ, ಶೇವಿಂಗ್, ಮಾತ್ರೆ. ಎಡಗೈ ವ್ಯಾಯಾಮಕ್ಕೆ ಮುಖ ಸಿಂಡರಿಸಿದರು. ಬಿಡಲಿಲ್ಲ, ಮಾಡಿಸಿದೆ. ಹತ್ತು ಗಂಟೆಗೆ ಫಿಸಿಯೋಥೆರಪಿ. ಹೋಗಲಾಗಲಿಲ್ಲ. ಮೊದಲನೇ ಟ್ಯಾಕ್ಸಿಯವನು ಗಾಲಿಕುರ್ಚಿ ನೋಡಿದವನೇ ಡಿಕ್ಕಿಯಲ್ಲಿ ಜಾಗ ಇಲ್ಲ ಎಂದು ಹೊರಟುಹೋದ. ಎರಡನೆಯವನು ಕ್ಯಾನ್ಸಲ್ ಮಾಡಿದ. ಮೂರನೆಯವನು ಎಲ್ಲಿದ್ದಾನೋ, ಇನ್ನೂ ಬರುತ್ತಲೇ ಇದ್ದಾನೆ. ಇವರನ್ನು ಗೇಟಿನ ಬಳಿ ಬಿಸಿಲಲ್ಲಿ ಕೂರಿಸಿಕೊಂಡು ಕಾದದ್ದೇ ಬಂತು.

ಮೈದುನನಿಗೆ ಫೋನ್ ಮಾಡಿದೆ. ನಮ್ಮ ಕಾರು ಅವನ ಹತ್ತಿರವೇ ಇದೆ. ಇವರಿಗೆ ಸ್ಟ್ರೋಕ್ ಆದ ಮೇಲೆ, ನಿಂತಲ್ಲೇ ನಿಂತರೆ ಬ್ಯಾಟರಿ ಹೋಗುತ್ತೆ ಎಂದು ತೆಗೆದುಕೊಂಡು ಹೋದದ್ದು. ಎರಡು ವರ್ಷವಾಯಿತು. ಬ್ಯಾಟರಿ ಚೆನ್ನಾಗಿಯೇ ಇರಬೇಕು. ಇವತ್ತು ಅವನಿಗೆ ಬಿಡುವಿಲ್ಲವಂತೆ. ಕಾರು ಕಳಿಸು, ನಾನೇ ಓಡಿಸಿಕೊಂಡು ಹೋಗುತ್ತೇನೆ ಎಂದೆ. ನಕ್ಕ.

"ಅತ್ತಿಗೆ, ನಿಮ್ಮ ಲೈಸೆನ್ಸ್ ಇನ್ನೂ ಇದೆಯಾ?"

ಇಟ್ಟುಬಿಟ್ಟೆ ಫೋನು. ಬೀರು, ಡ್ರಾಯರು, ಹಾಸಿಗೆ ಕೆಳಗಿನ ಸೂಟ್‌ಕೇಸು ಎಲ್ಲ ಹುಡುಕಿದೆ. ಕೊನೆಗೆ ಗುಂಡಿ ಡಬ್ಬಿಯಲ್ಲಿ ಸಿಕ್ಕಿತು. ಫೋಟೋದಲ್ಲಿ ಕಪ್ಪು ಕೂದಲು, ಯಾರಿಗೂ ಹೆದರದ ಮುಖ. ಅವಧಿ ಮುಗಿದು ಒಂದೂವರೆ ವರ್ಷ. ಆಗ ನಾನು ಬೆಡ್‌ಪ್ಯಾನ್ ತೊಳೆಯುತ್ತಿದ್ದೆ. ತಾರೀಖು ನೋಡುವವರು ಯಾರು?

ಮಾರ್ಚ್ ೬, ಗುರುವಾರ

ಲೈಸೆನ್ಸ್ ಆಫೀಸಿಗೆ ಹೋಗಿದ್ದೆ. ಮಹಡಿ ಮನೆಯ ನರ್ಸಮ್ಮ ಇವರ ಹತ್ತಿರ ಕೂತಿದ್ದರು. ರಿಟೈರಾದರೂ ಗದರುವ ಗಂಟಲು ರಿಟೈರಾಗಿಲ್ಲ. ಇವರು ಅವರೆದುರು ಮಗುವಿನ ಹಾಗೆ ಇರುತ್ತಾರೆ.

ಕೌಂಟರಿನಾಕೆ ಹಳೇ ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿದಳು. ಮುಗಿದು ವರ್ಷದ ಮೇಲಾಗಿದ್ದರೆ ಬರೀ ರಿನ್ಯೂವಲ್ ಆಗುವುದಿಲ್ಲವಂತೆ. ಡಾಕ್ಟರ ಸರ್ಟಿಫಿಕೇಟ್, ಹೊಸ ಫೋಟೋ, ಅರ್ಜಿ. ಮೊದಲು ಕಲಿಯುವವರ ಲೈಸೆನ್ಸು, ಎಲ್ಲೆಲ್, ಆಮೇಲೆ ಗಾಡಿ ಓಡಿಸಿ ತೋರಿಸಬೇಕು. ಅಂದರೆ ಅ ಆ ಇ ಈಯಿಂದ.

ಹೊರಗೆ ಮರದ ಕೆಳಗೆ ಒಬ್ಬ ಬ್ರೋಕರು ಹಿಡಿದ. ಜೇಬಿನ ತುಂಬ ಪೆನ್ನು. "ಟೆಸ್ಟು ಗಿಸ್ಟು ಏನೂ ಬೇಡಮ್ಮ. ನೀವು ಆರಾಮಾಗಿ ಮನೇಲಿ ಕೂತಿರಿ, ಕಾರ್ಡು ಮನೆಗೇ ಬರುತ್ತೆ."

"ಮನೇಲಿ ಕೂತು ಕೂತೇ ಇಷ್ಟಾಗಿರೋದು" ಎಂದು ಬಂದೆ.

ಓಡಿಸುತ್ತೇನೆ. ಕದ್ದಲ್ಲ. ಓಡಿಸಿಯೇ ತೋರಿಸುತ್ತೇನೆ.

ಮಾರ್ಚ್ ೧೧, ಮಂಗಳವಾರ

ಡಾಕ್ಟರು ಬಿ.ಪಿ. ನೋಡಿದರು, ಕಣ್ಣು ನೋಡಿದರು. ಗೋಡೆಯ ಅಕ್ಷರಗಳನ್ನು ಕೊನೇ ಸಾಲಿನವರೆಗೆ ಓದಿದೆ. ಹತ್ತಿರದ್ದಕ್ಕೆ ಕನ್ನಡಕ ಬೇಕು, ದೂರದ್ದು ಚೊಕ್ಕವಾಗಿದೆ. ಈಗ್ಯಾಕಮ್ಮ ಡ್ರೈವಿಂಗ್ ಎಂದು ಕೇಳಿದರು. ನಿಮಗೇಕೆ ಎಂದು ನಾನು ಕೇಳಿದೆನೇ? ಇಲ್ಲ. ಸಹಿ ಬೇಕಿತ್ತಲ್ಲ, ನಕ್ಕೆ.

ಆಫೀಸಿನಲ್ಲಿ ಬೇರೆಯೇ ರಾಮಾಯಣ. ಮಿಷನ್ನಿಗೆ ನನ್ನ ಬೆರಳ ಗುರುತು ಸಿಗುತ್ತಿಲ್ಲ. ಮೂವತ್ತು ವರ್ಷ ಪರದೆ ಹೊಲಿದ ಬೆರಳು. ಗೆರೆಯನ್ನೆಲ್ಲ ಸೂಜಿ, ಬಟ್ಟೆ ತಿಂದುಹಾಕಿವೆ. ಕೈ ತೊಳೆದು ಬಾ ಎಂದರು. ಉಜ್ಜು ಎಂದರು. ಹಿಂದಿದ್ದ ಹುಡುಗಿ ತನ್ನ ಕ್ರೀಮ್ ಕೊಟ್ಟಳು. ಆಗಲಿಲ್ಲ. ಕೌಂಟರಿನಾಕೆ ನಾಳೆ ಬನ್ನಿ ಎಂದಳು. ನಾಳೆಯೂ ಇದೇ ಕೈ ತಾನೇ ತರುವುದು ಎಂದೆ. ಜಾಗ ಬಿಟ್ಟು ಕದಲಲಿಲ್ಲ. ಹಿಂದಿನವರೆಲ್ಲ ಗೊಣಗಿದರು. ಗೊಣಗಲಿ. ಕಡೆಗೆ ಕಿರುಬೆರಳು ಹಿಡಿಯಿತು.

ಕಂಪ್ಯೂಟರಿನ ಪ್ರಶ್ನೆ ಪಾಸಾದೆ. ಐವತ್ತೆಂಟು ವರ್ಷಕ್ಕೆ ಕೈಯಲ್ಲಿ ಎಲ್ಲೆಲ್.

ಮಾರ್ಚ್ ೧೬, ಭಾನುವಾರ

ಮೈದುನ, ಓರಗಿತ್ತಿ ಬಂದಿದ್ದರು. ಸುದ್ದಿ ಹೇಗೋ ಮುಟ್ಟಿದೆ. ನಮ್ಮ ಕಾರಿನಲ್ಲೇ ಬಂದು, ನಮ್ಮ ಮನೆ ಮುಂದೆಯೇ ನಿಲ್ಲಿಸಿ, ಕೀ ಬೆರಳಿಗೆ ಸಿಕ್ಕಿಸಿ ತಿರುಗಿಸುತ್ತಾ ಒಳಗೆ ಬಂದ. ಹಿಂದಿನ ಸೀಟಿನ ತುಂಬ ಪೇಂಟ್ ಡಬ್ಬಿಗಳು. ಅಂಗಡಿಯ ಮಾಲು ಸಾಗಿಸಲು ಒಳ್ಳೆಯ ಗಾಡಿ ಸಿಕ್ಕಿದೆ ಅವನಿಗೆ.

ಉಪದೇಶ ಶುರು. ಟ್ರಾಫಿಕ್ ಮೊದಲಿನ ಹಾಗಿಲ್ಲ, ಒಂದು ಹೋಗಿ ಇನ್ನೊಂದಾದರೆ ಯಾರು ಹೊಣೆ, ಜನ ಏನೆಂದಾರು. ನಾನು ಹೊಲಿಗೆ ಮಿಷನ್ ನಿಲ್ಲಿಸಲಿಲ್ಲ. ಹೋಟೆಲಿನವರ ಪರದೆ ಬುಧವಾರಕ್ಕೆ ಕೊಡಬೇಕು. ನನ್ನ ಹತ್ತಿರ ಆಗದು ಎಂದು ತಿಳಿದು ಅಣ್ಣನ ಮಂಚದ ಬಳಿ ಹೋಗಿ ಕೂತ.

"ಅಣ್ಣಾ, ಅತ್ತಿಗೆ ಓಡಿಸಿದ್ರೆ ನೀನು ಕೂತ್ಕೊಳ್ತೀಯಾ?"

ಮಿಷನ್ ತಾನಾಗಿ ನಿಂತಿತು.

ಇವರು ಕಿಟಕಿಯ ಕಡೆ ನೋಡಿದರು. ಬಾಯಿ ಎರಡು ಸಲ ಅಲುಗಿತು.

"ಬೇಡ."

ಸ್ಪಷ್ಟವಾಗಿ. ಈ ಎರಡು ವರ್ಷದಲ್ಲಿ ನೀರು ಎನ್ನುವುದೂ ಇಷ್ಟು ಸ್ಪಷ್ಟವಾಗಿ ಬಂದಿಲ್ಲ ಆ ಬಾಯಿಂದ. ಮೈದುನ ಗೆದ್ದವನ ಹಾಗೆ ನೋಡಿದ. ಓರಗಿತ್ತಿ ನೆಲ ನೋಡುತ್ತಿದ್ದಳು.

ಆದರೂ ಹೇಳಿದೆ, ಇಬ್ಬರಿಗೂ ಕೇಳುವ ಹಾಗೆ: "ಲೈಸೆನ್ಸು ಕೊಡೋರು ಆಫೀಸಿನವರು. ಅವರ ಹತ್ರ ಕೇಳಿದ್ದೀನಿ. ನಿಮ್ಮಿಬ್ಬರ ಹತ್ರ ಕೇಳಿಲ್ಲ."

ಮಿಷನ್ ತುಳಿದೆ. ಒಂದು ಇಡೀ ಅಂಚು ಸೊಟ್ಟ ಹೋಯಿತು. ಬಿಚ್ಚಿ ಮತ್ತೆ ಹೊಲಿದೆ.

ಮಾರ್ಚ್ ೧೯, ಬುಧವಾರ

ಇವರಿಗೂ ನನಗೂ ಮಾತಿಲ್ಲ. ಮೊದಲೇ ಆಡುವುದು ನಾಲ್ಕು ಮಾತು, ಅದರಲ್ಲಿ ಮುನಿಸು ಬೇರೆ. ತುತ್ತು ಕೊಟ್ಟರೆ ಬಾಯಿ ತೆರೆಯುತ್ತಾರೆ, ಕಣ್ಣು ಮಾತ್ರ ಗೋಡೆಗೆ. ನಾನೂ ಕಡಿಮೆಯವಳಲ್ಲ. ನಾನೂ ಗೋಡೆಯನ್ನೇ ನೋಡಿ ತುತ್ತು ಕೊಟ್ಟೆ. ಗಲ್ಲದ ಮೇಲೆಲ್ಲ ಚೆಲ್ಲಿತು.

ಪರದೆ ತಲುಪಿಸಿ ಬರುವಾಗ ಡ್ರೈವಿಂಗ್ ಸ್ಕೂಲಿಗೆ ಸೇರಿದೆ. ಟೆಸ್ಟಿಗೂ ಅವರದೇ ಕಾರು ಕೊಡುತ್ತಾರೆ. ನಮ್ಮದನ್ನು ಕೇಳಿದ್ದರೆ ಮೈದುನ ಸರ್ವೀಸಿಗೆ ಬಿಟ್ಟಿದೆ ಎನ್ನುತ್ತಿದ್ದ. ಖಂಡಿತ.

ಮಾರ್ಚ್ ೨೪, ಸೋಮವಾರ

ಕಲಿಸುವವಳು ಮೂವತ್ತರ ಹೆಂಗಸು. ಗಟ್ಟಿಗಿತ್ತಿ. ಅವಳ ಕಾಲ ಬಳಿಯೂ ಒಂದು ಬ್ರೇಕು. ಒಂಬತ್ತು ವರ್ಷದಿಂದ ಸ್ಟೇರಿಂಗ್ ಮುಟ್ಟಿಲ್ಲ ನಾನು. ಇವರು ಪಕ್ಕದಲ್ಲಿ ಕೂತು ಹೆಜ್ಜೆಹೆಜ್ಜೆಗೂ ತಪ್ಪು ಹಿಡಿಯುತ್ತಿದ್ದರು, ರೋಸಿ ಬಿಟ್ಟುಬಿಟ್ಟಿದ್ದೆ. ಲಿಫ್ಟ್ ಮೆಕ್ಯಾನಿಕ್ ಮನುಷ್ಯ. ನೆಟ್ಟಗೆ ಮೇಲೆ, ನೆಟ್ಟಗೆ ಕೆಳಗೆ. ರಸ್ತೆಯೂ ಹಾಗೇ ಇರಬೇಕೆಂಬ ಹಟ.

ಸರ್ಕಲಿನ ನಟ್ಟನಡುವೆ ಗಾಡಿ ಆಫ್. ಹಿಂದೆ ಬಸ್ಸು ಕಿವಿ ಹರಿಯುವ ಹಾಗೆ ಕೂಗಿತು. ಟೀಚರ್ ಮೊಬೈಲ್ ನೋಡುತ್ತಲೇ ಹೇಳಿದಳು: "ಕೂಗಲಿ ಬಿಡಿ ಆಂಟಿ. ಅವನೇನು ನಿಮ್ಮ ಮೇಲೆ ಹತ್ತಿಸ್ಕೊಂಡು ಹೋಗಲ್ಲ. ನಿಧಾನಕ್ಕೆ ಸ್ಟಾರ್ಟ್ ಮಾಡಿ."

ನಿಧಾನಕ್ಕೆ ಸ್ಟಾರ್ಟ್ ಮಾಡಿದೆ. ಸ್ವಲ್ಪ ಬೇಕೆಂದೇ ನಿಧಾನ.

ಏಪ್ರಿಲ್ ೧೬, ಬುಧವಾರ

ಫೇಲ್.

ಮುಂದಕ್ಕೆ ಎಲ್ಲ ಸರಿ ಹೋಯಿತು. ಇಳಿಜಾರಿನಲ್ಲೂ ಜಾರಲಿಲ್ಲ. ರಿವರ್ಸ್‌ನಲ್ಲಿ ಕಂಬ ತಾಗಿತು. ಪ್ಲಾಸ್ಟಿಕ್ ಕಂಬ, ಸದ್ದೇ ಇಲ್ಲದೆ ಬಿತ್ತು. ಇನ್ಸ್‌ಪೆಕ್ಟರು ಕಿಟಕಿಗೆ ಬಗ್ಗಿ, ಬಹಳ ಮರ್ಯಾದೆಯಿಂದ ಹೇಳಿದರು, ಮಗನಿಗೆ ಹೇಳಿ ಓಡಾಡಿಕೊಂಡಿರಿ ಅಮ್ಮ ಎಂದು.

ಮಗ ಇಲ್ಲ. ಇದ್ದಿದ್ದರೂ ಹೇಳುತ್ತಿರಲಿಲ್ಲ. ಮುಂದಿನ ತಾರೀಖು ಕೊಡಿ ಎಂದೆ.

ಬಸ್ಸಿನಲ್ಲಿ ಅತ್ತುಬಿಟ್ಟೆ. ಇದನ್ನು ಬರೆಯಬಾರದು ಅಂದುಕೊಂಡಿದ್ದೆ… ಬರೆದಾಯಿತು.

ಏಪ್ರಿಲ್ ೧೭, ಗುರುವಾರ

ಇವರಿಗೆ ನರ್ಸಮ್ಮ ಹೇಳಿಬಿಟ್ಟಿದ್ದಾರೆ. ಮಧ್ಯಾಹ್ನ ಕಾಲು ತಿಕ್ಕುತ್ತಿದ್ದೆ. ತಾವಾಗಿ ಬಾಯಿ ಬಿಟ್ಟರು.

"ಕನ್ನಡಿ… ನೋಡಲ್ಲ ನೀನು."

ಮೈಯೆಲ್ಲ ಉರಿದುಹೋಯಿತು. ಒಂದು ತಿಂಗಳ ಮೇಲೆ ಬಾಯಿ ಬಿಟ್ಟು ಆಡಿದ ಮಾತು ಇದು. ಅವತ್ತು ತಮ್ಮನ ಮುಂದೆ ಬೇಡ ಅಂದಿರಲ್ಲ, ಯಾಕೆ, ಇವತ್ತು ಹೇಳಲೇಬೇಕು ಎಂದೆ. ಎಣ್ಣೆಗೈಯಲ್ಲೇ ಕೂತೆ. ಎಷ್ಟು ಹೊತ್ತಾದರೂ ಸರಿ.

ಬಹಳ ಕಷ್ಟಪಟ್ಟರು. ನಾಲಿಗೆ ಹೊರಳುವುದಿಲ್ಲ, ಜೊಲ್ಲು ಇಳಿಯುತ್ತದೆ, ಒರೆಸಿದರೆ ಸಿಟ್ಟು.

"ನೀನೂ… ಬಿದ್ದರೆ?"

ಅಷ್ಟೇ. ಕಣ್ಣು ಒದ್ದೆ.

ಅಯ್ಯೋ ಎನಿಸಿತು. ಸುಳ್ಳೇಕೆ, ಎನಿಸಿತು. ನನ್ನ ಮೇಲಿನ ಅಕ್ಕರೆಯೋ, ತನ್ನನ್ನು ನೋಡಿಕೊಳ್ಳುವವರಿಲ್ಲ ಎಂಬ ಭಯವೋ. ಎರಡೂ ಇರಬೇಕು, ಬೆರೆತುಹೋಗಿರಬೇಕು. ಆದರೆ ಅದಕ್ಕೆಂದು ನಾನು ಗೇಟಿನ ಬಳಿ ಬಿಸಿಲಲ್ಲಿ ಕಾಯುತ್ತಾ ಮುದುಕಿಯಾಗಬೇಕೇ?

"ಬಿದ್ದರೆ ಬೀಳೋಣ. ಈಗೇನು ಎದ್ದು ನಿಂತಿದ್ದೀವಾ ಇಬ್ಬರೂ?" ಎಂದೆ. "ಹೆದರಿಕೆ ನಿಮ್ಮದು, ನೀವಿಟ್ಕೊಳಿ. ನಾನು ಓಡಿಸ್ತೀನಿ."

ಬೇಡ ಎನ್ನಲಿಲ್ಲ. ಹೂಂ ಎಂದೂ ಅನ್ನಲಿಲ್ಲ. ಇನ್ನೊಂದು ಕಾಲು ಮುಂದೆ ಮಾಡಿದರು, ತಿಕ್ಕು ಎಂದು.

ಮೇ ೮, ಗುರುವಾರ

ಪಾಸ್.

ಕನ್ನಡಿ ನೋಡಿದೆ. ಇವರಿಗೆ ಹೇಳುವುದಿಲ್ಲ.

ಮೇ ೧೭, ಶನಿವಾರ

ಕಾರ್ಡು ನಿನ್ನೆ ಬಂತು. ಬಿಳಿ ಕೂದಲಿನ ಫೋಟೋ. ಮುಖ ಮಾತ್ರ ಹಳೆಯದೇ ಎಂದರು ನರ್ಸಮ್ಮ.

ಬೆಳಿಗ್ಗೆಯೇ ಬಸ್ಸು ಹಿಡಿದು ಮೈದುನನ ಮನೆಗೆ ಹೋದೆ. ಹೇಳದೆ ಕೇಳದೆ. ಕಾರು ಅಂಗಳದಲ್ಲಿತ್ತು. ಕಾರ್ಡು ತೋರಿಸಿದೆ. ತಿರುಗಿಸಿ ನೋಡಿದ, ನಕಲಿ ನೋಟು ನೋಡುವ ಹಾಗೆ. ಇವತ್ತು ಡೆಲಿವರಿ ಇದೆ ಎಂದ. ಬ್ರೇಕ್ ಸರಿಯಿಲ್ಲ ಎಂದ. ಅಣ್ಣನೇ ನನಗೆ ಇಟ್ಟುಕೋ ಅಂದಿದ್ದ ಎಂದ. ಒಂದಕ್ಕೊಂದು ಸಂಬಂಧವೇ ಇಲ್ಲ. ಬ್ರೇಕ್ ಇಲ್ಲದ ಗಾಡಿಯಲ್ಲಿ ಡೆಲಿವರಿಗೆ ಹೇಗೆ ಹೋಗುತ್ತೀಯಪ್ಪ ಎಂದೆ. ಆರ್‌ಸಿಯಲ್ಲಿರುವುದು ಯಾರ ಹೆಸರು ಎಂದೆ. ಫೋನ್ ಬಂತೆಂದು ಒಳಗೆ ಹೋದ. ನನಗೆ ಯಾವ ರಿಂಗೂ ಕೇಳಿಸಲಿಲ್ಲ.

ಹಿಂದಿನ ಬಾಗಿಲಿಗೆ ಬೀಗವಿರಲಿಲ್ಲ. ಪೇಂಟ್ ಡಬ್ಬಿಗಳನ್ನು ಒಂದೊಂದಾಗಿ ಇಳಿಸಿ ಜಗಲಿಯ ಮೇಲೆ ಸಾಲಾಗಿ ಇಡತೊಡಗಿದೆ. ಭಾರ. ಸೊಂಟ ಹಿಡಿಯಿತು. ಪಕ್ಕದ ಮನೆಯವರು ಹೊರಗೆ ಬಂದು ನಿಂತರು. ನಿಲ್ಲಲಿ. ಜನ ಏನೆಂದಾರು ಎಂಬುದು ಅವನ ಚಿಂತೆಯಲ್ಲವೇ.

ಓರಗಿತ್ತಿ ಬಂದಳು. ಸುಮ್ಮನೆ ನನ್ನ ಜೊತೆ ಡಬ್ಬಿ ಇಳಿಸಿದಳು. ಕೊನೆಯದನ್ನು ಇಳಿಸಿ, ಸೆರಗಿಗೆ ಕೈ ಒರೆಸಿಕೊಂಡು, ಕೀ ನನ್ನ ಕೈಗಿಟ್ಟಳು.

"ಪೆಟ್ರೋಲಿಲ್ಲ ಅಕ್ಕ, ಬಂಕಿಗೆ ಹೋಗಿ ಮೊದಲು. ಮೂರನೇ ಗೇರು ಸ್ವಲ್ಪ ಬಿಗಿ."

ನಿನಗೆ ಹೇಗೆ ಗೊತ್ತು ಎಂದೆ. ದಿನಾ ಬೈತಾ ಇರ್ತಾರಲ್ಲ ಎಂದಳು.

ಒಳಗಿನಿಂದ ಅವನು ಅವಳ ಹೆಸರು ಹಿಡಿದು ಕೂಗಿದ. ಅವಳು ಹೋಗಲಿಲ್ಲ. ಗೇಟು ತೆಗೆದು, ನಾನು ರಿವರ್ಸ್ ತೆಗೆದುಕೊಂಡು ರಸ್ತೆಗೆ ಬರುವವರೆಗೂ ಹಿಡಿದುಕೊಂಡೇ ನಿಂತಿದ್ದಳು.

ಮೂರನೇ ಗೇರು ಬಿಗಿಯೇ. ಬಿತ್ತು.

ಮೇ ೨೦, ಮಂಗಳವಾರ, ಬೆಳಿಗ್ಗೆ

ಫಿಸಿಯೋಥೆರಪಿ ಹತ್ತಕ್ಕೆ. ಅದಕ್ಕೂ ಮೊದಲು ಕಟಿಂಗ್ ಶಾಪಿಗಂತೆ. ನಿನ್ನೆ ರಾತ್ರಿ ಊಟದಲ್ಲಿ ಬಲಗೈಯಿಂದ ತಲೆ ತೋರಿಸಿ, ಎರಡು ಬೆರಳು ಕತ್ತರಿ ಮಾಡಿ ಆಡಿಸಿದರು. ಪೇಟೆ ಬೀದಿಯ ಹಳೇ ಕ್ಷೌರಿಕನೇ ಬೇಕು. ಎರಡು ವರ್ಷ ನನ್ನ ಬಟ್ಟೆ ಕತ್ತರಿಗೆ ತಲೆ ಕೊಟ್ಟಿದ್ದಾರೆ, ಪಾಪ, ಬೇಸತ್ತಿರಬೇಕು. ಪೇಟೆ ಬೀದಿಯಲ್ಲಿ ಗಾಡಿ ನಿಲ್ಲಿಸಲು ಜಾಗ ಸಿಗುವುದಿಲ್ಲ. ನೋಡೋಣ. ಸುತ್ತು ಹೊಡೆದರಾಯಿತು.

ಕುರ್ಚಿಯಿಂದ ಸೀಟಿಗೆ ದಾಟಿಸುವಾಗ ನರ್ಸಮ್ಮ ಒಂದು ಕಡೆ, ನಾನು ಒಂದು ಕಡೆ. ಬೆಲ್ಟ್ ಹಾಕಿದೆ. ಮುಖ ಬಿಳಿಚಿತ್ತು. ಹೆದರಿಕೆಯಾ ಎಂದೆ. ಹೂಂ ಎಂದರು. ನನಗೂ ಎಂದೆ.

ನನ್ನ ಕನ್ನಡಕ ಮರೆತು ಒಳಗೆ ಬಂದೆ. ಬಂದವಳು ಕನ್ನಡಕವಿಲ್ಲದೆಯೇ ಇಲ್ಲಿ ಎರಡು ಸಾಲು ಬರೆಯೋಣ ಎಂದು ಕೂತೆ, ಅಷ್ಟೇ. ಹೊರಗೆ ಹಾರ್ನ್. ನರ್ಸಮ್ಮ ನಗುತ್ತಿದ್ದಾರೆ. ಇವರೇ, ಪಕ್ಕದ ಸೀಟಿನಿಂದ ಬಲಗೈ ಚಾಚಿ ಒತ್ತುತ್ತಿರುವುದು. ಮತ್ತೆ. ಇನ್ನೊಮ್ಮೆ, ಉದ್ದಕ್ಕೆ. ಬೀದಿಗೆಲ್ಲ ಕೇಳಿಸುತ್ತಿರಬೇಕು. ಬಂದೆ ಬಂದೆ ಎಂದು ಕೂಗಿದರೂ ಬಿಡುವವರಲ್ಲ, ಒತ್ತಿ ಹಿಡಿದೇ ಇದ್ದಾರೆ, ಕನ್ನಡಕ ಎಲ್ಲಿ—