ಮರುನೆಲೆ ಕ್ಷೇತ್ರದ ಅಸಿಂಧು ಮತ

ಕ್ರಿ.ಶ. ೨೧೬೮, ಒಡ್ಡು ಒಡೆದ ಮೂರನೆಯ ವರ್ಷ, ಹಿಂಗಾರಿ ಬಿತ್ತನೆ ಮುಗಿದ ವಾರ.

ನೂರ ನಲವತ್ತು ವರ್ಷ ಹಿಂದಿನ ಹಿರಿಯರಿಗೆ, ಮತದಾರರ ಪಟ್ಟಿ ಅಧಿಕಾರಿ ಚನ್ನಮಲ್ಲ ಹೂಗಾರನ ನಮಸ್ಕಾರಗಳು. ನನ್ನ ಕೆಲವು ಪದಗಳು ನಿಮಗೆ ವಿಚಿತ್ರವೆನಿಸಿದರೆ ಮನ್ನಿಸಿ. ಅವು ಹುಟ್ಟಿದ್ದು ನಿಮ್ಮ ನಂತರ.

ಕೃಷ್ಣೆಯ ಹೊಸ ಒಡ್ಡು ಒಡೆದು ಏಳು ಊರು ಕೊಚ್ಚಿಹೋದವು. ಉಳಿದವರನ್ನು ಎತ್ತರದ ಮರಡಿಯ ಮೇಲೆ ಅಚ್ಚುಮನೆಗಳಲ್ಲಿ ಇರಿಸಿದರು. ಯಂತ್ರವೊಂದು ಮಣ್ಣು ಕಲಸಿ ದಿನಕ್ಕೊಂದು ಎರಕ ಹೊಯ್ಯುವ ಮನೆಗಳಿವು. ಇಲ್ಲಿ ಬೆಳಿಗ್ಗೆ ನಾಲ್ಕು ತಾಸು ಮಾತ್ರ ಹೊರಗೆ ದುಡಿಯಬಹುದು. ಆಮೇಲೆ ಬಿಸಿಲಿನ ಸೈರನ್ ಕೂಗುತ್ತದೆ, ಬೀದಿ ಖಾಲಿಯಾಗುತ್ತದೆ. ಬಾಗಿಲುಗಳೆಲ್ಲ ನದಿಯ ಕಡೆಗಿವೆ. ಜನ ಅವುಗಳಿಗೆ ಬೆನ್ನು ಹಾಕಿ ಊಟಕ್ಕೆ ಕೂರುತ್ತಾರೆ. ಇವರಿಗೂ ಒಬ್ಬ ಶಾಸಕರಿರಲಿ ಎಂದು ಸರಕಾರ ಮರುನೆಲೆ ಎಂಬ ಹೊಸ ವಿಧಾನಸಭಾ ಕ್ಷೇತ್ರ ಮಾಡಿತು. ಒಡ್ಡು ಏಕೆ ಒಡೆಯಿತೆಂದು ಸದನದಲ್ಲಿ ಕೇಳಿಸಲು ಜನರಿಗಿದ್ದ ದಾರಿ ಅದೊಂದೇ.

ಶವ ಸಿಗದವರ ಹೆಸರನ್ನು ನಾವು ತಡೆಹೆಸರು ಎನ್ನುತ್ತೇವೆ. ಅವರು ಇದ್ದಾರೆ ಎನ್ನುವಂತಿಲ್ಲ, ಸತ್ತರು ಎನ್ನುವಂತೆಯೂ ಇಲ್ಲ. ಒಂದೇ ಒಂದು ತಡೆಹೆಸರು ಉಳಿದರೂ ಪಟ್ಟಿ ಅಂತಿಮವಾಗದು, ಚುನಾವಣೆ ನಡೆಯದು. ನಾನು ಮನೆಮನೆ ತಿರುಗಿ, ಹೆಸರು ತೆಗೆಯಲು ಒಪ್ಪಿಗೆಯ ಸಹಿ ಕೇಳಿದೆ. ಜನ ಅತ್ತು ಸಹಿ ಹಾಕಿದರು. ನೀಲಗಂಗವ್ವ ಒಬ್ಬರು ಹಾಕಲಿಲ್ಲ. ಒಡ್ಡು ಒಡೆದಾಗ ಅವರ ಮಗಳು ಇಂದುಮತಿ ಹತ್ತೊಂಬತ್ತರವಳು, ಒಮ್ಮೆಯೂ ಮತ ಹಾಕಿದವಳಲ್ಲ. ಹೋದಾಗಲೆಲ್ಲ ಆ ತಾಯಿ ಮಜ್ಜಿಗೆ ಕೊಟ್ಟು ನನ್ನ ಮನೆಯವರನ್ನು ವಿಚಾರಿಸುತ್ತಿದ್ದರು, ಕಾಗದ ಮಾತ್ರ ಮುಟ್ಟುತ್ತಿರಲಿಲ್ಲ. ಒಬ್ಬಳಿಗಾಗಿ ಉಳಿದವರು ಎಷ್ಟು ದಿನ ಕಾಯಬೇಕು ಎಂದು ನೆರೆಯವರು ನನ್ನನ್ನು ಒತ್ತಾಯಿಸತೊಡಗಿದರು. ಗಡುವಿನ ಕೊನೆಯ ಮಧ್ಯಾಹ್ನ ಕಚೇರಿಯಲ್ಲಿ ಕುಳಿತು ಆ ತಾಯಿಯ ಸಹಿಯನ್ನು ನಾನೇ ಹಾಕಿದೆ.

ಮತದಾನದ ದಿನ ನೀಲಗಂಗವ್ವ ಗಂಜಿ ಹಾಕಿದ ಸೀರೆಯುಟ್ಟು ಸಾಲಿನಲ್ಲಿ ಮೊದಲು ನಿಂತಿದ್ದರು. ತಮ್ಮ ಚೀಟಿ ಕೊಟ್ಟು ನನ್ನನ್ನು ಕೇಳಿದರು:

“ಮಗಳ ನಂಬರೂ ನೋಡಿ ಹೇಳ್ರಿ ಸಾಹೇಬ್ರ. ಆಕಿ ಬಂದ್ರ ಹುಡುಕ್ಯಾಡಬಾರದು.”

ಪಟ್ಟಿಯಲ್ಲಿ ಇಲ್ಲ ಎಂದೆ. ಅವರು ನನ್ನ ಮುಖ ನೋಡಿದರು. ಎಲ್ಲವೂ ತಿಳಿಯಿತೆಂದು ಕಾಣುತ್ತದೆ. ದನಿ ಏರಿಸಲಿಲ್ಲ.

“ನೀರಿಗೆ ಆಕಿ ಹೆಸರು ಗೊತ್ತಿರಲಿಲ್ಲ. ನಿಮಗ ಗೊತ್ತಿತ್ತು.”

ಮತಪತ್ರ ತೆಗೆದುಕೊಂಡು ಮರೆಗೆ ಹೋದವರು ಬಹಳ ಹೊತ್ತು ಹೊರಬರಲಿಲ್ಲ.

ಫಲಿತಾಂಶ ಹೀಗಿತ್ತು: ರಾಚವ್ವ ತಳವಾರ ೨,೩೧೬, ಎದುರಾಳಿ ೧,೯೦೪, ಅಸಿಂಧು ೧. ಆ ಒಂದು ಪತ್ರದಲ್ಲಿ ಗುರುತಿನ ಮುದ್ರೆ ಇರಲಿಲ್ಲ. ಅಭ್ಯರ್ಥಿಗಳ ಹೆಸರುಗಳ ಮೇಲೆ, ಮೇಲಿಂದ ಕೆಳತನಕ, ದುಂಡಗಿನ ಅಕ್ಷರದಲ್ಲಿ ಇಂದುಮತಿ ಎಂದು ಬರೆದಿತ್ತು. ಏಕೆ ತಿರಸ್ಕರಿಸಿದೆವೆಂದು ಗಟ್ಟಿಯಾಗಿ ಓದಿ ಹೇಳುವುದು ನಿಯಮ. ಓದಿದೆ. ಎಣಿಕೆ ಕೋಣೆಯಲ್ಲಿ ಯಾರೂ ಆಕ್ಷೇಪಿಸಲಿಲ್ಲ. ಹೀಗೆ ಅವಳನ್ನು ಎರಡನೆಯ ಸಲ ತೆಗೆದುಹಾಕಿದವನೂ ನಾನೇ.

ರಾಚವ್ವ ಸದನದಲ್ಲಿ ಹಟ ಹಿಡಿದು ಒಡ್ಡಿನ ತನಿಖೆ ಮಾಡಿಸಿದರು. ತಪ್ಪು ಮಾಡಿದವರು ಸಿಕ್ಕಿಬಿದ್ದರು. ಮರಡಿಯ ಜನ ಈಗ ನನಗೆ ಕೈ ಮುಗಿಯುತ್ತಾರೆ. ನೀಲಗಂಗವ್ವ ದೂರು ಕೊಡಲಿಲ್ಲ; ಕೊಟ್ಟರೆ ಚುನಾವಣೆಯೇ ರದ್ದಾಗುತ್ತದೆಂದು ಅವರಿಗೆ ಗೊತ್ತು. ಎದುರಾದಾಗ ಪಕ್ಕಕ್ಕೆ ಸರಿದು ನನಗೆ ದಾರಿ ಬಿಡುತ್ತಾರೆ. ಆಮೇಲೆ ನನಗೆ ಎಷ್ಟು ದೂರ ನಡೆದರೂ ಹಿಂದೆ ಇಬ್ಬರು ಬರುತ್ತಿರುವಂತೆ ಕೇಳಿಸುತ್ತದೆ.

ಹಿರಿಯರೇ, ನಿಮ್ಮಲ್ಲಿ ಯಾರಿಗಾದರೂ ಇಂಥ ಪಟ್ಟಿ ಬರೆಯುವ ಕೆಲಸವಿದ್ದರೆ ಒಂದು ಕೋರಿಕೆ. ಒಪ್ಪದ ತಾಯಿಯ ಮನೆಗೆ ಇನ್ನೊಮ್ಮೆ ಹೋಗಿ ಕುಳಿತುಕೊಳ್ಳಿ. ನಾನು ಹೋಗಲಿಲ್ಲ.