ಚೌಕಾಬಾರದ ಪಟ್ಟಿ

ಆನೇಮಹಲ್,
೧೫-೧೧-೨೦೦೭, ಗುರುವಾರ

ಜವರಪ್ಪನವರಿಗೆ,

ಹೌದು, ಹೆಸರು ಹಿಡಿದೇ ಬರೆದಿದ್ದೇನೆ. ಮದುವೆಯಾದ ಹದಿಮೂರು ವರ್ಷದಲ್ಲಿ ಇದೇ ಮೊದಲು. ಗಂಡನ ಹೆಸರು ಹೇಳಿದರೆ ಅವನ ಆಯಸ್ಸು ಕಡಿಮೆಯಾಗುತ್ತದೆ ಎಂದು ನಿಮ್ಮ ಅವ್ವ ಹೆದರಿಸಿದ್ದರು. ಜವರಾಯನ ಹೆಸರನ್ನೇ ಇಟ್ಟುಕೊಂಡವರ ಆಯಸ್ಸಿಗೆ ನನ್ನಿಂದ ಏನಾದೀತು? ಕ್ಷೇಮ ಕೇಳುವುದಿಲ್ಲ. ಮಂಗಳವಾರ ನಮ್ಮ ಆಫೀಸಿನಲ್ಲಿ ನೋಡಿದೆನಲ್ಲ, ಚೆನ್ನಾಗಿಯೇ ನಗುತ್ತಿದ್ದಿರಿ.

ಸಿಟ್ಟು ಇಳಿದ ಮೇಲೆ ಬರೆಯೋಣ ಎಂದು ಎರಡು ದಿನ ಕಾದೆ. ಇಳಿಯಲಿಲ್ಲ.

ನಾವು ಬೇರೆಯಾಗಿ ಮೂರು ವರ್ಷವಾಯಿತು. ಆದರೂ ನಾನು ಕೆಲಸ ಮಾಡುವ ತೋಟ ಕಾರ್ಮಿಕರ ಸಂಘದ ಕಂಪ್ಯೂಟರುಗಳ ರಿಪೇರಿ ಕಾಂಟ್ರಾಕ್ಟು ನಿಮ್ಮ ಅಂಗಡಿಯದಾದ್ದರಿಂದ ನಿಮ್ಮ ಮುಖ ನೋಡುವುದು ನನಗೆ ತಪ್ಪಿಲ್ಲ. ಸೆಪ್ಟೆಂಬರಿನಲ್ಲಿ ನನ್ನ ಮೆಷಿನ್ನಿಗೆ ವೈರಸ್ ಹತ್ತಿದಾಗ ಐದು ಸಲ ಫೋನ್ ಮಾಡಿಸಿದೆ. ನೀವು ಬರಲಿಲ್ಲ. ಬಂದಿದ್ದರೂ ಏನು ಹಾಕುತ್ತಿದ್ದಿರಿ? ಒಂದೇ ನಕಲಿ ಸಿಡಿಯನ್ನು ಅರ್ಧ ಸಕಲೇಶಪುರಕ್ಕೆ ಹಾಕಿ, ಎಲ್ಲರಿಗೂ ಅಸಲಿ ಎಂದು ಬಿಲ್ಲು ಬರೆಯುವವರು ನೀವು. ನನ್ನ ತಂಗಿ ಮಂಜುಶ್ರೀ ಹಾಸನದ ಕಾಲೇಜಿನಿಂದ ಮೆಷಿನ್ ನಡೆಸುವ ಪುಕ್ಕಟೆ ಸಾಫ್ಟ್‌ವೇರ್, ಲಿನಕ್ಸಿನ ಸಿಡಿ ತಂದುಕೊಟ್ಟಳು. ಅದನ್ನು ಯಾರು ಬೇಕಾದರೂ ಹಾಕಿಕೊಳ್ಳಬಹುದು, ಹಂಚಬಹುದು, ಕಳ್ಳ ಮಾಲಲ್ಲ. ಎರಡು ಭಾನುವಾರ ಕೂತು ನಾನೇ ಹಾಕಿದೆ. ಪ್ರಿಂಟರ್ ಒಪ್ಪದೆ ಒಂದು ದಿನ ಅಳು ಬರಿಸಿತು. ಆಮೇಲೆ ಒಪ್ಪಿತು.

ಅದರಲ್ಲೇ ಆ ಪಟ್ಟಿ ಮಾಡಿದ್ದು. ಹೆತ್ತೂರು ಕಡೆಯ ಎಸ್ಟೇಟುಗಳ ಕೂಲಿ ಲೈನುಮನೆಗಳಲ್ಲಿರುವ ನೂರ ಹದಿನಾಲ್ಕು ಹೆಂಗಸರ ಆರೋಗ್ಯ ಕಾರ್ಡಿನ ಪಟ್ಟಿ. ಹೆಂಗಸರ ಹೆಸರಿನ ಪಕ್ಕ ಗಂಡನ ಹೆಸರು ಬೇಕೇ ಬೇಕು, ಅವರಲ್ಲಿ ಒಬ್ಬಳೂ ಬಾಯಿ ಬಿಟ್ಟು ಹೇಳುವವಳಲ್ಲ. ಆಫೀಸಿಗೆ ಬಂದು ನನ್ನ ಮೆಷಿನ್ನಿನ ಮುಂದೆ ಕೂತ ಇಂದ್ರಮ್ಮ ಎನ್ನುವವಳು ಸೆರಗು ಬಾಯಿಗಿಟ್ಟುಕೊಂಡು, "ಒಳ್ಳಲ್ಲಿ ಉರುಳ್ತೈತಲ್ಲ ಕಣವ್ವ, ಅದಕ್ಕೆ ಅಯ್ಯ ಸೇರಿಸ್ಕೋ" ಅಂದಳು. ನಾನು ಒರಳಯ್ಯ ಎಂದು ಟೈಪ್ ಹೊಡೆದೆ. ಬೈಸಿಕೊಂಡ ಮೇಲೆ ತಿಳಿಯಿತು, ರುಬ್ಬುವ ಗುಂಡು, ಗುಂಡಯ್ಯ! ಹೀಗೆ ಒಗಟು ಬಿಡಿಸಿ ಬಿಡಿಸಿ ಒಂಬತ್ತು ದಿನ. ಕಾಗದದಲ್ಲಿ ಒಂದಕ್ಷರ ಇರಲಿಲ್ಲ, ಎಲ್ಲ ಆ ಮೆಷಿನ್ನಿನಲ್ಲೇ ಇತ್ತು.

ಮಂಗಳವಾರ ನೀವು ಅದನ್ನು ಪೆನ್ ಡ್ರೈವಿನಲ್ಲಿ ಹೊತ್ತು ಸೆಕ್ರೆಟರಿ ಚಲುವಯ್ಯನವರ ಕಂಪ್ಯೂಟರಿನಲ್ಲಿ ತೆರೆದಿರಿ. ಅಕ್ಷರದ ಬದಲು ಬರೀ ಚೌಕಗಳು. "ನೋಡಿ ಸಾರ್, ಪಟ್ಟಿ ಮಾಡು ಅಂದ್ರೆ ಚೌಕಾಬಾರ ಬರ್ದವ್ಳೆ, ಕವಡೆ ತರ್ಸಿ, ಒಂದಾಟ ಆಡನ" ಎಂದಿರಿ. ಕೊನೆಯ ಸಾಲಿನ ತುದಿಯ ಮೇಲೆ ಬೆರಳಿಟ್ಟು ಒಂದು, ಎರಡು ಎಂದು ಆರರವರೆಗೆ ಮನೆ ಎಣಿಸಿದಿರಿ. ಇಡೀ ಆಫೀಸು ನಕ್ಕಿತು. ಪಟ್ಟಿ ಸರಿಯಾಗಿದೆ, ಈ ಮೆಷಿನ್ನಿನಲ್ಲಿ ಕನ್ನಡದ ಫಾಂಟ್ ಇಲ್ಲ, ನನ್ನದರಲ್ಲಿ ಬಂದು ನೋಡಿ ಎಂದು ಮೂರು ಸಲ ಹೇಳಿದೆ. "ನಿಂಗೇನ್ ಗೊತ್ತಾಗುತ್ತೆ, ಬುಡು" ಎಂದಿರಿ. ಹತ್ತು ವರ್ಷ ನಿಮ್ಮ ಮನೆಯಲ್ಲಿ ಇದೇ ಮಾತು ಕೇಳಿ ಕೇಳಿಯೇ ನಾನು ಎದ್ದು ಬಂದದ್ದು. ಈಗ ಅದನ್ನು ಸಂಬಳ ಕೊಡುವವರ ಮುಂದೆ ಅಂದಿರಿ.

ನಾನು ಊಟಕ್ಕೆ ಹೋಗಿ ಬರುವಷ್ಟರಲ್ಲಿ ನನ್ನ ಮೆಷಿನ್ ಪೂರ್ತಿ ಅಳಿಸಿ ನಿಮ್ಮ ಕಳ್ಳ ಸಿಡಿ ಹಾಕಿದ್ದಿರಿ. ಪೆನ್ ಡ್ರೈವಿನಲ್ಲಿದ್ದುದನ್ನೂ ಕಸ ಎಂದು ತೆಗೆದಿರಿ. ಒಂದು ಮಾತು ಕೇಳಲಿಲ್ಲ! ಮಾಡಿದ ಅಡುಗೆಯನ್ನು ಬೀದಿಗೆ ಚೆಲ್ಲಿ ಪಾತ್ರೆ ತೊಳೆದುಕೊಟ್ಟೆ ಎನ್ನುವ ಜಾತಿ ನೀವು.

ಸೋಮವಾರ ಪಟ್ಟಿ ಕೊಡದಿದ್ದರೆ ಮಂಗಳವಾರದಿಂದ ಬರಬೇಡ ಎಂದಿದ್ದಾರೆ ಚಲುವಯ್ಯ. ನಾನು ಬಾಯಿ ತೆರೆದರೆ, "ನಿನ್ನ ಗಂಡನೇ ಹೇಳ್ತಾವ್ರಲ್ಲಮ್ಮ" ಅನ್ನುತ್ತಾರೆ. ನನ್ನ ಅನ್ನ ಈ ಕೆಲಸದಲ್ಲಿದೆ, ನಿಮ್ಮ ಕೈಯಲ್ಲಲ್ಲ.

ಪಟ್ಟಿ ನಾನೇ ಮಾಡುತ್ತೇನೆ. ನಾಳೆ ಬೆಳಗಿನ ಬಸ್ಸಿಗೆ ನೋಟ್‌ಬುಕ್ ಹಿಡಿದು ಹೆತ್ತೂರಿಗೆ ಹೋಗುತ್ತೇನೆ. ಆ ಹೆಂಗಸರು ನಗಲಿ, ಬೈಯಲಿ, ಮತ್ತೆ ಒಗಟು ಹೇಳಲಿ. ನಿನ್ನೆಯೇ ಲಿನಕ್ಸನ್ನೂ ಮತ್ತೆ ಹಾಕಿದ್ದೇನೆ. ಈ ಸಲ ಅರ್ಧ ದಿನ ಸಾಕಾಯಿತು.

ನಿಮ್ಮಿಂದ ಬೇಕಾದ್ದು ಎರಡು ಸಾಲು. ತಪ್ಪು ಗಂಗಾಮಣಿಯ ಪಟ್ಟಿಯಲ್ಲಿ ಇರಲಿಲ್ಲ, ಕೇಳದೆ ಅಳಿಸಿದವನು ನಾನು ಎಂದು ಚಲುವಯ್ಯನವರಿಗೆ ಬರೆದು, ಈ ಪತ್ರ ತಂದಿರುವ ಜವಾನ ಕುಳ್ಳಯ್ಯನ ಕೈಯಲ್ಲೇ ಕೊಟ್ಟು ಕಳಿಸಿ. ಇಲ್ಲವಾದರೆ ಒಂದೇ ಸಿಡಿಯ ಕಥೆಯನ್ನು ಸಂಘದ ಸಭೆಯಲ್ಲಿ ಎದ್ದು ನಿಂತು ಹೇಳುತ್ತೇನೆ. ನನಗೇನು ಗೊತ್ತಿದೆ ಎಂಬುದು ಆಗ ನಿಮಗೂ ಗೊತ್ತಾಗುತ್ತದೆ.

'ನಿಮ್ಮ' ಎಂದು ಬರೆಯಲು ಕೈ ಬರುತ್ತಿಲ್ಲ.

ಇಂತಿ,
ಗಂಗಾಮಣಿ

ಮರೆತಿದ್ದೆ: ನಿಮ್ಮ ಹೆಸರು ಬರೆದದ್ದು ಇದೇ ಮೊದಲು ಎಂದೆ. ಸುಳ್ಳು. ಆ ಪಟ್ಟಿಯ ಕೊನೆಗೆ ನನ್ನದೂ ಒಂದು ಸಾಲು ಇತ್ತು, ನೂರ ಹದಿನೈದನೆಯದು. ಗಂಡನ ಹೆಸರಿನ ಜಾಗದಲ್ಲಿ ಬಹಳ ಹೊತ್ತು ಕೂತು, ಬಾಯಲ್ಲಿ ಅನ್ನದೆ, ಒಂದೊಂದೇ ಕೀಲಿ ಒತ್ತಿದ್ದೆ: ಜ, ವ, ರ, ಪ, ಒತ್ತಿನ ಕೀಲಿ, ಮತ್ತೆ ಪ. ನೀವು ಬೆರಳಿಟ್ಟು ಎಣಿಸಿ ನಕ್ಕ ಆ ಆರು ಚೌಕ ನೀವೇ. ಹೊಸ ಪಟ್ಟಿಯಲ್ಲಿ ಅಲ್ಲಿ ನಮ್ಮವ್ವನ ಹೆಸರು ಹಾಕುತ್ತೇನೆ.